ವಾಲ್ವ್ ನಮ್ಮದಲ್ಲ, ಓರೆ ತಟ್ಟೆ ನಮ್ಮದು

ನಮ್ಮ ದೋಸೆ ಹಿಟ್ಟಿನ ಡಬ್ಬಿಯ ಪೇಟೆಂಟ್ ಅರ್ಜಿಗೆ ಮೊದಲ ಪರೀಕ್ಷಾ ವರದಿ, ಅಂದರೆ ಎಫ್‌ಇಆರ್, ಬಂದಾಗ ನಾನು ಗ್ರೈಂಡರ್ ಮುಂದೆ ಇದ್ದೆ. ಕೈಯೆಲ್ಲ ಉದ್ದಿನ ಹಿಟ್ಟು. 2022ರ ಅಕ್ಟೋಬರ್ ತಿಂಗಳು. ಅರ್ಜಿ ನೋಡಿಕೊಳ್ಳುವ ಪೇಟೆಂಟ್ ಏಜೆಂಟ್ ಮೇಡಂ ಫೋನ್ ಮಾಡಿ, "ಎಫ್‌ಇಆರ್ ಬಂದಿದೆ, ಮೇಲ್ ಮಾಡಿದ್ದೀನಿ, ಓದಿ ಗಾಬರಿ ಆಗಬೇಡಿ" ಅಂದರು. ಹಾಗಂದ ಮೇಲೆ ಗಾಬರಿ ಆಗದೆ ಇರುತ್ತಾ? ಕೈ ತೊಳೆದು ಮೊಬೈಲಿನಲ್ಲೇ ತೆಗೆದು ನೋಡಿದೆ. ಮೊದಲ ಪುಟದಲ್ಲಿ ಒಂದು ಕೋಷ್ಟಕ. (ಕ್ಲೇಮು ಅಂದರೆ ನಾವು ಯಾವುದರ ಮೇಲೆ ಹಕ್ಕು ಕೇಳುತ್ತೇವೋ ಅದನ್ನು ಹೇಳುವ ವಾಕ್ಯ.) ಹೊಸತನ: ಕ್ಲೇಮು 1ರಿಂದ 5ರವರೆಗೆ ಇಲ್ಲ. ಇನ್ವೆಂಟಿವ್ ಸ್ಟೆಪ್, ಅಂದರೆ ಕೆಲಸ ಬಲ್ಲವರಿಗೂ ಸುಲಭಕ್ಕೆ ಹೊಳೆಯದಂಥ ಯೋಚನೆ: 1ರಿಂದ 10ರವರೆಗೆ ಇಲ್ಲ. ಸ್ಪಷ್ಟತೆ: ಇಲ್ಲ.

ನನಗೆ ಆ "ಇಲ್ಲ"ಗಳಷ್ಟೇ ಕಂಡವು. ಮುಗೀತು ಅಂದುಕೊಂಡೆ. ಆ ರಾತ್ರಿ ಊಟ ಸೇರಲಿಲ್ಲ.

ಒಂದು ವರ್ಷ ಕಳೆದ ಮೇಲೆ ಅದೇ ಅರ್ಜಿಗೆ ಪೇಟೆಂಟ್ ಸಿಕ್ಕಿತು. ನಡುವೆ ಏನೇನಾಯಿತು ಅಂತ ಬರೆಯಬೇಕು ಅನ್ನಿಸಿದೆ. ನನ್ನ ಹಾಗೆ ಸಣ್ಣದಾಗಿ ಏನೋ ಒಂದು ಮಾಡಿಕೊಂಡವರಿಗೆ ಈ ದಾರಿ ಕನ್ನಡದಲ್ಲಿ ಹೇಳಿಕೊಡುವವರು ಕಡಿಮೆ. ನನಗೂ ಯಾರೂ ಸಿಕ್ಕಿರಲಿಲ್ಲ.

ನಾವಿರೋದು ತುಮಕೂರು. ಮನೆ ಹಿಂದಿನ ಶೆಡ್‌ನಲ್ಲಿ ದೋಸೆ ಹಿಟ್ಟು ರುಬ್ಬಿ ಅಂಗಡಿಗಳಿಗೆ ಕೊಡುತ್ತೇವೆ. ಈ ಕೆಲಸ ಮಾಡುವ ಎಲ್ಲರಿಗೂ ಒಂದೇ ತಲೆನೋವು, ಹಿಟ್ಟು ಸುಮ್ನೆ ಕೂರುವ ವಸ್ತು ಅಲ್ಲ. ಉದ್ದು ಅಕ್ಕಿ ರುಬ್ಬಿ ಇಟ್ಟರೆ ಅದರಲ್ಲಿರುವ ಬ್ಯಾಕ್ಟೀರಿಯಾ ಕೆಲಸ ಶುರು ಮಾಡುತ್ತದೆ. ಲ್ಯೂಕೊನೋಸ್ಟಾಕ್ ಅಂತ ಅದರ ಹೆಸರು, ಹಿಟ್ಟು ಹುಳಿ ಬರುವುದರಲ್ಲೂ ಉಬ್ಬುವುದರಲ್ಲೂ ಅದರದ್ದು ದೊಡ್ಡ ಪಾಲು. ಅದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಉದ್ದಿನ ಅಂಟು ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಿಟ್ಟು ನೊರೆನೊರೆಯಾಗಿ ಮೇಲೇಳುತ್ತದೆ. ಫ್ರಿಜ್‌ನಲ್ಲಿದ್ದರೆ ನಿಧಾನ. ಆದರೆ ನಮ್ಮ ಶೆಡ್‌ನಿಂದ ಅಂಗಡಿಗೆ ಹೋಗುವಾಗ ಆಟೋದಲ್ಲಿ ಬಿಸಿಲು. ಕವರ್‌ನಲ್ಲಿ ಹಾಕಿದರೆ ಕವರ್ ಬಲೂನಿನ ಹಾಗೆ ಊದಿಕೊಳ್ಳುತ್ತದೆ. ಸೂಜಿಯಲ್ಲಿ ತೂತು ಮಾಡಿದರೆ ಸೋರುತ್ತದೆ. ಡಬ್ಬಿಗೆ ಹಾಕಿದರೆ ಮುಚ್ಚಳ ಹಾರುತ್ತದೆ. ಒಂದು ಏಪ್ರಿಲ್‌ನಲ್ಲಿ ಒಂದೇ ವಾರ ಅಂಗಡಿಯವರು ಐವತ್ತಕ್ಕೂ ಹೆಚ್ಚು ಡಬ್ಬಿ ವಾಪಸ್ ಕೊಟ್ಟರು. ಅಂಗಡಿಯ ಫ್ರಿಜ್ ಒಳಗೆಲ್ಲ ಹಿಟ್ಟು. ಒಬ್ಬರು ನಮ್ಮ ಡಬ್ಬಿ ಇನ್ನು ಇಡಲ್ಲ ಅಂತ ಹೇಳಿಯೇ ಬಿಟ್ಟರು.

ಗಾಳಿ ಹೊರಗೆ ಹೋಗಬೇಕು, ಒಳಗೆ ಬರಬಾರದು. ಅಂದರೆ ಮುಚ್ಚಳಕ್ಕೆ ಒಂದು ವಾಲ್ವ್ ಬೇಕು. ಇಷ್ಟು ಯೋಚನೆ ಯಾರಿಗಾದರೂ ಬರುತ್ತದೆ. ಚಿಕ್ಕಮಗಳೂರಿನ ಕಾಫಿಪುಡಿ ಕವರ್ ಮೇಲೆ ಗುಂಡಗೆ ಒಂದು ಬಿಲ್ಲೆ ಇರುವುದನ್ನು ನೋಡಿರುತ್ತೀರಲ್ಲ, ಅದೂ ಒಂದೇ ದಿಕ್ಕಿನ ವಾಲ್ವ್. ಹುರಿದ ಕಾಫಿ ಬಿಡುವ ಗಾಳಿ ಹೊರಗೆ ಹೋಗಲಿ ಅಂತ ಇಟ್ಟಿರುವುದು. ನಾನು ಅದನ್ನೇ ಕಿತ್ತು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ ನೋಡಿದೆ. ಮೊದಲ ದಿನ ಚೆನ್ನಾಗಿತ್ತು. ಎರಡನೇ ದಿನ ನೊರೆ ಮೇಲೆದ್ದು ವಾಲ್ವಿಗೆ ಮೆತ್ತಿಕೊಂಡು ಒಣಗಿತು. ವಾಲ್ವ್ ಬಾಯಿ ಕಟ್ಟಿತು. ಮುಚ್ಚಳ ಮತ್ತೆ ಹಾರಿತು.

ಪೀಣ್ಯದಲ್ಲಿ ಪ್ಲಾಸ್ಟಿಕ್ ಎರೆಯುವ ಡೈ, ಅಂದರೆ ಅಚ್ಚು, ಮಾಡುವ ಒಬ್ಬರಿದ್ದಾರೆ. ನಮ್ಮ ಯಜಮಾನರಿಗೆ ಪರಿಚಯ. ಅವರ ಹೆಸರು ಇಲ್ಲಿ ಬೇಡ, ಡೈ ಅಣ್ಣ ಅಂತಲೇ ಕರೆಯುತ್ತೇನೆ. ನಾನು ಡಬ್ಬಿಯ ಒಳಗೆ ವಾಲ್ವಿನ ಕೆಳಗೆ ಒಂದು ತಟ್ಟೆ ಅಡ್ಡ ಇಡೋಣ, ನೊರೆ ಅಲ್ಲೇ ನಿಲ್ಲಲಿ ಅಂದೆ. ಅವರು ಮಾಡಿಕೊಟ್ಟರು. ತಟ್ಟೆ ಮಟ್ಟಸವಾಗಿತ್ತು. ನೊರೆ ಅದರ ಮೇಲೇ ಬಂದು ಕೂತಿತು. ಆಮೇಲೆ ನಾನು ತಟ್ಟೆಯನ್ನು ಓರೆ ಮಾಡಿದೆ, ಬಿದ್ದ ನೊರೆ ಜಾರಿ ಕೆಳಗೆ ಹೋಗಲಿ ಅಂತ. ಕೆಲಸ ಮಾಡಿತು! ಆದರೆ ತೊಳೆಯಲು ಆಗುತ್ತಿರಲಿಲ್ಲ, ತಟ್ಟೆ ಮತ್ತು ಮುಚ್ಚಳದ ಸಂದಿಯಲ್ಲಿ ಹಿಟ್ಟು ಸಿಕ್ಕಿಕೊಂಡು ವಾಸನೆ ಬರುತ್ತಿತ್ತು.

ಅದಕ್ಕೆ ದಾರಿ ಕಂಡುಹಿಡಿದದ್ದು ಡೈ ಅಣ್ಣ. "ಅಕ್ಕಾ, ಪಿಪಿ ಪ್ಲಾಸ್ಟಿಕ್‌ಗೆ ಒಂದು ಗುಣ ಇದೆ, ತೆಳ್ಳಗೆ ಮಾಡಿದ್ರೆ ಸಾವಿರಾರು ಸಲ ಮಡಚಿದ್ರೂ ಮುರಿಯಲ್ಲ. ಶಾಂಪೂ ಬಾಟಲಿ ಮುಚ್ಚಳ ನೋಡಿ. ತಟ್ಟೇನ ಮುಚ್ಚಳದ ಜೊತೇಲೇ ಒಂದೇ ಡೈನಲ್ಲಿ ಎರೆದು, ಮಡಚಿ ಲಾಕ್ ಮಾಡೋಣ. ತೊಳೆಯೋವಾಗ ಬಿಚ್ಚಬಹುದು" ಅಂದರು. ಹಾಗೇ ಮಾಡಿದೆವು. ತಟ್ಟೆಯ ಮೇಲಿನ ಅಂಚು ವಾಲ್ವಿನ ಪಕ್ಕದಲ್ಲಿ ಮುಚ್ಚಳಕ್ಕೆ ಮಡಿಕೆಯಿಂದ ಅಂಟಿಕೊಂಡಿರುತ್ತದೆ. ಕೆಳಗಿನ ಅಂಚು ಬಿಟ್ಟಿರುತ್ತದೆ. ಗಾಳಿ ಕೆಳಗಿನ ಸಂದಿಯಿಂದ ನುಗ್ಗಿ ಮೇಲೆ ವಾಲ್ವ್ ತನಕ ಹೋಗುತ್ತದೆ. ಜೊತೆಗೆ ನುಗ್ಗಿದ ನೊರೆ ಅಷ್ಟರಲ್ಲಿ ಒಡೆದು, ಅದೇ ಇಳಿಜಾರಿನಲ್ಲಿ ವಾಪಸ್ ಜಾರುತ್ತದೆ. ವಾಲ್ವ್ ಅಂದರೆ ಬೇರೆ ತಂದು ಸಿಕ್ಕಿಸಿದ್ದಲ್ಲ, ಮುಚ್ಚಳದ ಮೇಲೆಯೇ ಎರಡನೇ ಬಾರಿ ಎರೆದ ಮೆತ್ತನೆಯ ರಬ್ಬರಿನಂಥ ಎಲೆ.

ಇಷ್ಟು ವಿವರ ಯಾಕೆ ಹೇಳಿದೆ ಅಂದರೆ, ಮುಂದಿನ ಇಡೀ ಜಗಳ ಇದರ ಮೇಲೇ ನಡೆದದ್ದು.

ಮೊದಲ ಅರ್ಜಿ ಹಾಕಿದ್ದು 2021ರ ಜೂನ್‌ನಲ್ಲಿ. ಆಗ ಒಬ್ಬ ಸಲಹೆಗಾರರು ಸಿಕ್ಕಿದ್ದರು. "ವಾಲ್ವ್ ಇರೋ ಹಿಟ್ಟಿನ ಡಬ್ಬಿ ಅಂತ ಪೂರ್ತಿ ಹಕ್ಕು ತಗೊಳ್ಳೋಣ, ಯಾರೂ ಮಾಡೋ ಹಾಗೇ ಇರಲ್ಲ" ಅಂದರು. ನನಗೆ ಖುಷಿಯಾಯಿತು. ಪ್ರೊವಿಷನಲ್ ಅಂತ, ಅಂದರೆ ತಾತ್ಕಾಲಿಕ ವಿವರಣೆ, ಒಂದೂವರೆ ಪುಟ ಬರೆದು ಹಾಕಿದರು. ಅದರಲ್ಲಿ ವಾಲ್ವ್ ಇತ್ತು, ಡಬ್ಬಿ ಇತ್ತು. ಓರೆ ತಟ್ಟೆಯ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಅದು ಮುಖ್ಯ ಅಂತ ನನಗೂ ಆಗ ತಿಳಿದಿರಲಿಲ್ಲ. ಆಮೇಲೆ ಅವರು ಫೋನ್ ತೆಗೆಯುವುದನ್ನೇ ಬಿಟ್ಟರು.

ಪ್ರೊವಿಷನಲ್ ಹಾಕಿದ 12 ತಿಂಗಳೊಳಗೆ ಕಂಪ್ಲೀಟ್ ಸ್ಪೆಸಿಫಿಕೇಶನ್, ಅಂದರೆ ಪೂರ್ತಿ ವಿವರಣೆ, ಹಾಕಬೇಕು. ತಪ್ಪಿದರೆ ಅರ್ಜಿ ಕೈಬಿಟ್ಟ ಹಾಗೆ. ದಿನ ಹತ್ತಿರ ಬರುತ್ತಿತ್ತು. ಯಾರೋ ಹೇಳಿದರು ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಗೆ ಹೋದೆ. ಅಲ್ಲಿ ಪೇಟೆಂಟ್ ಮಾಹಿತಿ ಕೇಂದ್ರ ಇದೆ. ಕೂರಿಸಿ ಸಮಾಧಾನದಿಂದ ಹೇಳಿದರು. ಯಾವ ಫಾರಂ ಯಾವುದಕ್ಕೆ ಅಂತ ನನಗೆ ತಿಳಿದದ್ದೇ ಅಲ್ಲಿ. ಆಮೇಲೆ ಪರಿಚಯದವರ ಮೂಲಕ ಈಗಿನ ಏಜೆಂಟ್ ಮೇಡಂ ಸಿಕ್ಕರು.

ಮೇಡಂ ಪ್ರೊವಿಷನಲ್ ಓದಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಓರೆ ತಟ್ಟೆ ಇರೋ ಡಬ್ಬಿ ಇದುವರೆಗೆ ಹೊರಗೆ ಯಾರಿಗಾದ್ರೂ ಕೊಟ್ಟಿದ್ದೀರಾ? ಮಾರಿದ್ದೀರಾ? ಫೋಟೋ ಹಾಕಿದ್ದೀರಾ?" ಇಲ್ಲ ಅಂದೆ, ಮುಂದಿನ ತಿಂಗಳು ಜಾತ್ರೆಯ ವಸ್ತುಪ್ರದರ್ಶನದಲ್ಲಿ ಸ್ಟಾಲ್ ಹಾಕಬೇಕು ಅಂತ ಇದ್ದೇವೆ ಅಂದೆ. "ದಯವಿಟ್ಟು ಬೇಡ" ಅಂದರು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಪ್ರೊವಿಷನಲ್‌ನಲ್ಲಿ ಏನು ಬರೆದಿದೆಯೋ ಅದಕ್ಕೆ ಮಾತ್ರ ಪ್ರೊವಿಷನಲ್ ಹಾಕಿದ ತಾರೀಕು ಸಿಗುತ್ತದೆ. ಓರೆ ತಟ್ಟೆ ಅದರಲ್ಲಿ ಇಲ್ಲ. ಹಾಗಾಗಿ ತಟ್ಟೆಯ ಮಟ್ಟಿಗೆ ಕಂಪ್ಲೀಟ್ ಹಾಕುವ ದಿನವೇ ನಮ್ಮ ತಾರೀಕು. ಅದಕ್ಕೂ ಮೊದಲು ನಾವೇ ಅದನ್ನು ಜಾತ್ರೆಯಲ್ಲಿ ತೋರಿಸಿದರೆ ನಮ್ಮ ಡಬ್ಬಿಯೇ ನಮ್ಮ ಹೊಸತನವನ್ನು ಕಳೆದುಬಿಡುತ್ತದೆ. ಪ್ರದರ್ಶನಕ್ಕೆ ವಿನಾಯಿತಿ ಇದೆ, ಆದರೆ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೇಳಿದ ಪ್ರದರ್ಶನಗಳಿಗೆ ಮಾತ್ರ. ನಮ್ಮೂರ ಜಾತ್ರೆಗಲ್ಲ. ಸ್ಟಾಲ್ ರದ್ದು ಮಾಡಿದೆವು. ಕಟ್ಟಿದ ದುಡ್ಡು ಹೋಯಿತು. ಅವತ್ತು ಮೇಡಂ ಆ ಒಂದು ಪ್ರಶ್ನೆ ಕೇಳದೆ ಇದ್ದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಸ್ಪೆಸಿಫಿಕೇಶನ್ ಬರೆಯುವಾಗ ಮೇಡಂ ನನ್ನ ನೋಟ್‌ಬುಕ್ ಕೇಳಿದರು. ನಾನು ಹಿಟ್ಟಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಎಲ್ಲ ಬರೆದಿಟ್ಟಿದ್ದೆ. ತಟ್ಟೆ ಮಟ್ಟಸವಾಗಿದ್ದಾಗ ಹತ್ತು ಡಬ್ಬಿಯಲ್ಲಿ ಎಷ್ಟರ ವಾಲ್ವ್ ಕಟ್ಟಿತು, 10 ಡಿಗ್ರಿ ಓರೆ ಮಾಡಿದಾಗ ಎಷ್ಟು, 25 ಮಾಡಿದಾಗ ಎಷ್ಟು, ಯಾವ ದಿನ, ಶೆಡ್ ಎಷ್ಟು ಬಿಸಿ ಇತ್ತು. ಸೋತದ್ದನ್ನೆಲ್ಲ ಹಾಕೋದು ಬೇಡ ಅಂತ ನಾನು ಹೇಳಿದೆ. ಅವರು ಸೋತದ್ದೇ ಮೊದಲು ಬೇಕು ಅಂದರು. ಎಲ್ಲ ಪಟ್ಟಿ ಮಾಡಿ ಹಾಕಿದರು. 15ರಿಂದ 40 ಡಿಗ್ರಿ, ಅದರಲ್ಲೂ 20ರಿಂದ 30 ಡಿಗ್ರಿ ಒಳ್ಳೆಯದು ಅಂತಲೂ ಒಂದು ಸಾಲು ಸೇರಿಸಿದರು. ಆ ಒಂದು ಸಾಲು ಆಮೇಲೆ ನಮ್ಮನ್ನು ಕಾಪಾಡಿತು.

ಹೆಸರಿನ ವಿಷಯಕ್ಕೂ ಒಂದಿಷ್ಟು ಮಾತಾಯಿತು. ಅರ್ಜಿಯಲ್ಲಿ ಮೊದಲಿನಿಂದಲೂ ನನ್ನದೂ ಡೈ ಅಣ್ಣನದೂ ಇಬ್ಬರ ಹೆಸರೂ ಇತ್ತು. ಕಂಪ್ಲೀಟ್ ಜೊತೆ ಫಾರಂ 5ರಲ್ಲಿ ಇದನ್ನು ಕಂಡುಹಿಡಿದವರು ಯಾರು ಅಂತ ಘೋಷಣೆ ಕೊಡಬೇಕು. "ನನ್ ಹೆಸರು ಯಾಕಕ್ಕಾ, ನೀವು ಹೇಳಿದ್ದನ್ನ ನಾನು ಡೈ ಹೊಡೆದೆ ಅಷ್ಟೇ" ಅಂತ ಅವರು ಹಿಂದೆ ಸರಿದರು. ಮಡಿಕೆ ಯಾರದ್ದು ಅಂತ ಕೇಳಿದೆ. ನಕ್ಕು ಸಹಿ ಹಾಕಿದರು. ಕೆಲಸ ಮಾಡಿಕೊಟ್ಟವರ ಯೋಚನೆಯನ್ನು ದುಡ್ಡು ಕೊಟ್ಟವರು ತಮ್ಮದು ಅಂತ ಬರೆದುಕೊಳ್ಳುವುದು ಎಷ್ಟು ಕಡೆ ನಡೆಯುತ್ತದೆ ಅಂತ ಪೀಣ್ಯದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ಅದು ಬೇಡವಾಗಿತ್ತು.

ಒಂದು ವಿಷಯ ನನಗೆ ಬೇಜಾರು ತಂದಿತು. ಸ್ಪೆಸಿಫಿಕೇಶನ್ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು, ನಿಯಮ ಹಾಗಿದೆ. ನಾನು ಯೋಚಿಸಿದ್ದೆಲ್ಲ ಕನ್ನಡದಲ್ಲಿ. ಮೇಡಂ ಬರೆದ ಕ್ಲೇಮು ಓದಿದರೆ ನನ್ನ ಡಬ್ಬಿಯೇ ನನಗೆ ಗುರುತು ಸಿಗುತ್ತಿರಲಿಲ್ಲ. ಒಂದು ಕ್ಲೇಮು ಅಂದರೆ ಒಂದೇ ವಾಕ್ಯ, ಎಷ್ಟೇ ಉದ್ದವಾದರೂ ಒಂದೇ ಪೂರ್ಣವಿರಾಮ. ಅದಕ್ಕೆ ನಾನೇ ಒಂದು ಉಪಾಯ ಮಾಡಿಕೊಂಡೆ. ಪ್ರತಿ ಕ್ಲೇಮನ್ನೂ ನೋಟ್‌ಬುಕ್‌ನಲ್ಲಿ ಕನ್ನಡದಲ್ಲಿ ಬರೆದುಕೊಂಡೆ, ನನಗೆ ತಿಳಿಯುವ ಮಾತಿನಲ್ಲಿ. ಮೊದಲ ಕ್ಲೇಮು ಹೀಗಾಯಿತು: "ಹುದುಗುವ ಹಿಟ್ಟು ಇಡುವ ಪ್ಲಾಸ್ಟಿಕ್ ಡಬ್ಬಿ, ಅದಕ್ಕೊಂದು ಮುಚ್ಚಳ, ಮುಚ್ಚಳದಲ್ಲೇ ಎರೆದ, ಗಾಳಿಯನ್ನು ಹೊರಗೆ ಮಾತ್ರ ಬಿಡುವ ವಾಲ್ವ್, ವಾಲ್ವಿನ ಕೆಳಗೆ ಅಡ್ಡವಾಗಿ ಒಂದು ತಟ್ಟೆ." ಬರೆದು ನೋಡಿ ಏನೋ ತಪ್ಪಿದೆ ಅನ್ನಿಸಿತು. ತಟ್ಟೆ ಓರೆ ಅಂತ ಎಲ್ಲಿದೆ? ಮೇಡಂ ಹೇಳಿದರು, ಅದು ಎರಡನೇ ಹಂತದ ಕ್ಲೇಮುಗಳಲ್ಲಿದೆ, ಮೊದಲನೆಯದನ್ನು ಸ್ವಲ್ಪ ಅಗಲವಾಗಿ ಕೇಳೋಣ, ಅರ್ಜಿ ಪರೀಕ್ಷೆ ಮಾಡುವ ಎಕ್ಸಾಮಿನರ್ ಏನಂತಾರೆ ನೋಡೋಣ ಅಂತ.

ಕಂಪ್ಲೀಟ್ ಹಾಕಿದ್ದು 2022ರ ಮೇ ತಿಂಗಳಲ್ಲಿ. ನಮ್ಮ ರಾಜ್ಯದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತವೆ, ಎಲ್ಲ ಆನ್‌ಲೈನ್. ಖರ್ಚಿನ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ, ಹಾಗಾಗಿ ಸರ್ಕಾರಿ ಶುಲ್ಕ ಹೇಳಿಬಿಡುತ್ತೇನೆ. ಕಂಪನಿ ಅಲ್ಲದೆ ವ್ಯಕ್ತಿಗಳೇ ಅರ್ಜಿ ಹಾಕಿದರೆ ಅರ್ಜಿಗೆ 1,600 ರೂಪಾಯಿ, 30 ಪುಟ ಮತ್ತು 10 ಕ್ಲೇಮುಗಳವರೆಗೆ. ಹೆಚ್ಚಾದರೆ ಪುಟಕ್ಕೆ 160, ಕ್ಲೇಮಿಗೆ 320. ಸುಮ್ನೆ ಬಿಟ್ಟರೆ ಅರ್ಜಿ 18 ತಿಂಗಳಾದ ಮೇಲೆ ಪ್ರಕಟವಾಗುತ್ತದೆ, ಬೇಗ ಬೇಕಾದರೆ ಫಾರಂ 9, ಅದಕ್ಕೆ 2,500. ನಾವೇ ಕೇಳದಿದ್ದರೆ ಪರೀಕ್ಷೆ ನಡೆಯುವುದೇ ಇಲ್ಲ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಮಾಮೂಲಿ ಪರೀಕ್ಷೆಗೆ ಫಾರಂ 18, 4,000 ರೂಪಾಯಿ. ಬೇಗ ಮಾಡಿಸಲು ಫಾರಂ 18ಎ, 8,000. ಇದು ಎಲ್ಲರಿಗೂ ಇಲ್ಲ, ಸ್ಟಾರ್ಟ್‌ಅಪ್‌ಗಳಿಗೆ, ಸಣ್ಣ ಉದ್ಯಮಗಳಿಗೆ ಇದೆ, ಮತ್ತೆ ಅರ್ಜಿದಾರರಲ್ಲಿ ಒಬ್ಬರಾದರೂ ಹೆಂಗಸು ಇದ್ದರೆ ಇದೆ. ನಮಗೆ ಹಾಗೇ ಸಿಕ್ಕಿತು. ಏಜೆಂಟ್ ಫೀಸು ಬೇರೆ. ನನ್ನ ಅಭಿಪ್ರಾಯ ಕೇಳಿದರೆ, ದುಡ್ಡು ಉಳಿಸಬೇಕು ಅಂದರೆ ಬೇರೆ ಎಲ್ಲಾದರೂ ಉಳಿಸಿ, ಬರೆಯುವವರ ಮೇಲೆ ಬೇಡ.

ಇನ್ನು ವರದಿ. ಆ ರಾತ್ರಿ ಊಟ ಬಿಟ್ಟೆ ಅಂದೆನಲ್ಲ. ಮಾರನೇ ದಿನ ಬೆಂಗಳೂರಿಗೆ ಹೋದೆ. ಮೇಡಂ ಪ್ರಿಂಟ್ ತೆಗೆದಿಟ್ಟಿದ್ದರು. "ಇದು ತಿರಸ್ಕಾರ ಅಲ್ಲ. ಎಕ್ಸಾಮಿನರ್ ನಿಮ್ಮ ಕ್ಲೇಮು ಓದಿ ಪ್ರಶ್ನೆ ಕೇಳಿದ್ದಾರೆ. ಉತ್ತರ ಕೊಡೋಕೆ ಆರು ತಿಂಗಳಿದೆ. ಬೇಕಾದ್ರೆ ಇನ್ನೂ ಮೂರು ತಿಂಗಳು ಕೇಳಬಹುದು" ಅಂದರು.

ಎಕ್ಸಾಮಿನರ್ ಮೂರು ಹಳೆಯ ದಾಖಲೆ ಎದುರಿಗೆ ಇಟ್ಟಿದ್ದರು. ಅವನ್ನು ಡಿ1, ಡಿ2, ಡಿ3 ಅಂತ ಕರೆಯುತ್ತಾರೆ. ಡಿ1 ಕೊರಿಯಾದ್ದು. ಕಿಮ್ಚಿ ಅಂತ ಅಲ್ಲಿ ಎಲೆಕೋಸನ್ನು ಹುಳಿ ಬರಿಸಿ ತಿನ್ನುತ್ತಾರೆ, ಅದೂ ಗಾಳಿ ಬಿಡುತ್ತದೆ. ಆ ಡಬ್ಬಿಯ ಮುಚ್ಚಳಕ್ಕೆ ವಾಲ್ವ್ ಇತ್ತು, ಕೆಳಗೆ ಒಂದು ಮಟ್ಟಸ ತಟ್ಟೆಯೂ ಇತ್ತು. ಚಿತ್ರ ನೋಡಿ ನನಗೆ ಮೈ ಜುಂ ಅಂದಿತು. ನಾನು ಮೊದಲು ಮಾಡಿ ಸೋತ ಡಬ್ಬಿ ಅದೇ! ಎಲ್ಲೋ ದೂರದಲ್ಲಿ ಇನ್ನೊಬ್ಬರು ತಮ್ಮೂರಿನ ಉಪ್ಪಿನಕಾಯಂಥ ವಸ್ತುವಿಗೆ ಇದೇ ತಲೆನೋವಿಗೆ ಇದೇ ಉಪಾಯ ಹುಡುಕಿದ್ದರು. ಡಿ2 ಕಾಫಿ ಕವರಿನ ವಾಲ್ವ್. ಇಟಲಿಯ ಗೋಲಿಯೋ ಕಂಪನಿ 1960ರ ದಶಕದಲ್ಲೇ ಇಂಥ ವಾಲ್ವ್ ತಂದಿತ್ತು ಅಂತ ಮೇಡಂ ಹೇಳಿದರು. ಡಿ3 ಅಮೆರಿಕದ್ದು, ಒಲೆಯ ಮೇಲೆ ಉಕ್ಕಿ ಚೆಲ್ಲದ ಹಾಗೆ ಮುಚ್ಚಳದ ಒಳಗೆ ಓರೆಯಾಗಿ ತಡೆ ಇಟ್ಟ ಪಾತ್ರೆ.

ಎಕ್ಸಾಮಿನರ್ ವಾದ ಇಷ್ಟೇ. ಡಿ1ರಲ್ಲಿ ನಿಮ್ಮ ಮೊದಲ ಕ್ಲೇಮು ಪೂರ್ತಿ ಇದೆ, ಹಾಗಾಗಿ ಹೊಸತಲ್ಲ. ಓರೆ ತಟ್ಟೆ ಹೊಸತು ಅಂದರೆ ಅದು ಡಿ3ರಲ್ಲಿದೆ, ಡಿ1ಕ್ಕೆ ಡಿ3 ಸೇರಿಸುವುದು ಈ ಕೆಲಸ ಬಲ್ಲ ಯಾರಿಗಾದರೂ ಹೊಳೆಯುತ್ತದೆ. ಮತ್ತೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಫ್), ಗೊತ್ತಿರುವ ಸಾಧನಗಳನ್ನು, ಅವು ತಮ್ಮ ಪಾಡಿಗೆ ತಾವು ಕೆಲಸ ಮಾಡುವಂತೆ, ಸುಮ್ನೆ ಪಕ್ಕಪಕ್ಕ ಜೋಡಿಸಿದರೆ ಅದು ಇನ್ವೆನ್ಷನ್ ಅಲ್ಲ. "ಸಾಕಷ್ಟು ಓರೆ" ಅನ್ನುವ ಮಾತು ಎಷ್ಟು ಅಂತ ಹೇಳುವುದಿಲ್ಲ, ಅಸ್ಪಷ್ಟ. ಕೊನೆಗೆ ಕೆಲವು ಕಾಗದಪತ್ರದ ಕೊರತೆ, ಚಿತ್ರದ ಹಾಳೆಯಲ್ಲಿ ಸಹಿ, ಸಾರಾಂಶ 150 ಪದ ಮೀರಿದೆ, ಇಂಥವು. ಅವನ್ನು ಸರಿ ಮಾಡುವುದು ಒಂದು ದಿನದ ಕೆಲಸ.

ನಾನು ಆ ಮೂರೂ ದಾಖಲೆಗಳನ್ನು ಓದಿದೆ. ಪೂರ್ತಿ ಓದಿದೆ. ಎಸ್ಪೇಸ್‌ನೆಟ್, ಗೂಗಲ್ ಪೇಟೆಂಟ್ಸ್ ಅನ್ನುವ ವೆಬ್‌ಸೈಟುಗಳಲ್ಲಿ ಉಚಿತವಾಗಿ ಸಿಗುತ್ತವೆ. ಕೊರಿಯಾದ್ದಕ್ಕೆ ಯಂತ್ರದ ಅನುವಾದ ಇತ್ತು. ಅಷ್ಟೇ ಅಲ್ಲ, ಡಬ್ಬಿಗಳಿಗೆಲ್ಲ ಒಂದು ವರ್ಗೀಕರಣದ ಸಂಖ್ಯೆ ಇರುತ್ತದೆ, ಗಾಳಿ ಬಿಡುವ ಮುಚ್ಚಳಗಳಿಗೆ ಬಿ65ಡಿ 51/16. ಆ ಸಂಖ್ಯೆ ಹಾಕಿ ಹುಡುಕುತ್ತಾ ಕೂತರೆ ರಾತ್ರಿ ಎರಡು ಗಂಟೆಯಾಗಿದ್ದೇ ಗೊತ್ತಾಗುತ್ತಿರಲಿಲ್ಲ. ಎಷ್ಟು ಮುಚ್ಚಳ, ಎಷ್ಟು ಯೋಚನೆ! ಟಪ್ಪರ್ ಅನ್ನುವವರು ಗಾಳಿ ಒತ್ತಿ ತೆಗೆದು ಮುಚ್ಚುವ ಡಬ್ಬಿಗೆ 1949ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು, ನಮ್ಮ ಮನೆಯಲ್ಲೂ ಆ ಹೆಸರಿನ ಡಬ್ಬಿ ಇದೆ. ಈ ಹುಡುಕಾಟವನ್ನು ಅರ್ಜಿ ಹಾಕುವ ಮೊದಲೇ ಮಾಡಬೇಕಿತ್ತು. ಮಾಡಿದ್ದರೆ ಪೂರ್ತಿ ಹಕ್ಕು ಸಿಗುತ್ತದೆ ಅನ್ನುವ ಮಾತನ್ನು ನಾನು ನಂಬುತ್ತಲೇ ಇರಲಿಲ್ಲ.

ಓದುತ್ತಾ ಓದುತ್ತಾ ಎಕ್ಸಾಮಿನರ್ ಮೇಲಿದ್ದ ಸಿಟ್ಟು ಹೋಯಿತು. ಅವರು ಹೇಳಿದ್ದು ಸರಿಯಾಗಿತ್ತು. ವಾಲ್ವ್ ನಮ್ಮದಲ್ಲ. ವಾಲ್ವ್ ಇರುವ ಡಬ್ಬಿಯೂ ನಮ್ಮದಲ್ಲ. ಹಾಗಾದರೆ ನಮ್ಮದು ಯಾವುದು?

ಈ ಪ್ರಶ್ನೆ ಇಟ್ಟುಕೊಂಡು ಪೀಣ್ಯಕ್ಕೆ ಹೋದೆ. ಡೈ ಅಣ್ಣ ಡಿ3ರ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದರು. "ಅಕ್ಕಾ, ಇದರ ತಡೆ ಎಲ್ಲಾ ಕಡೆಯಿಂದ ನಡುವಿಗೆ ಇಳಿದಿದೆ, ತೂತು ನಡುವೆ ಇದೆ. ಆವಿ ನೀರಾಗಿ ವಾಪಸ್ ಬೀಳೋಕೆ ಇದು ಸರಿ. ನಮ್ಮ ನೊರೆ ಹಾಕಿದ್ರೆ ನಡುವೆ ಬಂದು ಕಟ್ಟಿಕೊಳ್ಳುತ್ತೆ. ಮತ್ತೆ ಇದು ಬಿಚ್ಚೋಕೆ ಬರಲ್ಲ" ಅಂದರು. ಮಾತಲ್ಲಿ ಬಿಡಲಿಲ್ಲ, ಹಳೆಯ ಮುಚ್ಚಳ ಒಂದಕ್ಕೆ ಹಾಗೇ ತಡೆ ಅಂಟಿಸಿ ಕೊಟ್ಟರು. ಶೆಡ್‌ಗೆ ತಂದು ಹಿಟ್ಟು ತುಂಬಿಸಿ ಇಟ್ಟೆ. ಬೆಳಿಗ್ಗೆ ನೋಡಿದರೆ ಅವರು ಹೇಳಿದ ಹಾಗೇ ಆಗಿತ್ತು.

ಅಲ್ಲಿ ನನಗೆ ಬೆಳಕು ಬಿತ್ತು. ನಮ್ಮದು ಅಂದರೆ ವಾಲ್ವಿನ ಪಕ್ಕದಲ್ಲೇ ಮಡಿಕೆ ಹಾಕಿ ಮುಚ್ಚಳದ ಜೊತೆ ಎರೆದ ತಟ್ಟೆ, ಅದು ಒಂದೇ ಕಡೆಗೆ, ವಾಲ್ವಿನಿಂದ ದೂರಕ್ಕೆ ಇಳಿಯುವುದು, ಮಡಚಿದಾಗ ಅಷ್ಟೇ ಡಿಗ್ರಿಯಲ್ಲಿ ಲಾಕ್ ಆಗುವುದು. ವಾಲ್ವ್, ತಟ್ಟೆ, ಮಡಿಕೆ, ಮೂರೂ ಸೇರಿ ಒಂದು ಕೆಲಸ ಮಾಡುತ್ತವೆ. ಒಂದನ್ನು ತೆಗೆದರೆ ಉಳಿದ ಎರಡೂ ಕೆಡುತ್ತವೆ. 3(ಎಫ್)ಗೆ ಉತ್ತರವೂ ಅಲ್ಲೇ ಇತ್ತು, ಅವು ತಮ್ಮ ಪಾಡಿಗೆ ತಾವು ಇಲ್ಲ ಅಲ್ವಾ.

ಮತ್ತೆ ಕನ್ನಡದಲ್ಲಿ ಕ್ಲೇಮು ಬರೆದೆ. ಈ ಸಲ ಬರೆಯುವಾಗ ಒಂದು ವಿಷಯ ಗಮನಕ್ಕೆ ಬಂತು. ನಮ್ಮ ಭಾಷೆಯಲ್ಲಿ "ಇಳಿಯುವ", "ಮಡಚುವ", "ಲಾಕ್ ಆಗುವ" ಅಂತ ಒಂದರ ಹಿಂದೆ ಒಂದು ಸೇರಿಸಿ ಕೊನೆಗೆ "ತಟ್ಟೆ" ಅಂದರೆ ಆಯಿತು, ಎಲ್ಲ ಗುಣವೂ ಆ ಒಂದು ಪದಕ್ಕೆ ಬಂದು ಕೂರುತ್ತದೆ. ಯಾವ ಗುಣ ಬಿಟ್ಟು ಹೋಗಿದೆ ಅಂತ ಓದಿದ ಕೂಡಲೇ ತಿಳಿಯುತ್ತದೆ. ಮೇಡಂ ನನ್ನ ಸಾಲನ್ನು ಎರಡು ಸಲ ಓದಿಸಿಕೊಂಡು, ಅದನ್ನೇ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಹೊಸ ಕ್ಲೇಮು ಬರೆದರು. ಮೊದಲ ಅರ್ಧ ಹಳೆಯದು, ಅಂದರೆ ಡಿ1ರಲ್ಲಿ ಇರುವುದು. "ಇದರ ವಿಶೇಷವೇನೆಂದರೆ" ಅನ್ನುವ ಮಾತು. ಅದರ ಆಚೆ ನಮ್ಮದು. "ಸಾಕಷ್ಟು ಓರೆ" ಹೋಗಿ "20ರಿಂದ 30 ಡಿಗ್ರಿ" ಬಂತು.

ಇಲ್ಲಿ ಒಂದು ಪೆಟ್ಟು ತಿಂದೆವು. ಅಷ್ಟರಲ್ಲಿ ನಾವು ತಟ್ಟೆಯ ಕೆಳಗಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಮಾಡಿದ್ದೆವು, ಕೊನೆಯ ಹನಿಯೂ ಅಲ್ಲಿಂದ ತೊಟ್ಟಿಕ್ಕಿ ಹೋಗಲಿ ಅಂತ. ತುಂಬಾ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅದನ್ನೂ ಸೇರಿಸಿ ಅಂದೆ. ಆಗಲ್ಲ ಅಂದರು. ಸೆಕ್ಷನ್ 59ರ ಪ್ರಕಾರ ಮೊದಲು ಬರೆದ ಸ್ಪೆಸಿಫಿಕೇಶನ್‌ನಲ್ಲಿ ಇರುವುದನ್ನು ಕುಗ್ಗಿಸಬಹುದು, ಸ್ಪಷ್ಟ ಮಾಡಬಹುದು, ಹೊಸ ವಿಷಯ ಸೇರಿಸುವ ಹಾಗಿಲ್ಲ. 20ರಿಂದ 30 ಡಿಗ್ರಿ ಅಲ್ಲಿತ್ತು, ಮಡಿಕೆ ಅಲ್ಲಿತ್ತು, ಹಾಗಾಗಿ ಬಂತು. ಕಚ್ಚು ಇರಲಿಲ್ಲ, ಹಾಗಾಗಿ ಬರಲಿಲ್ಲ. ಕಂಪ್ಲೀಟ್ ಹಾಕುವ ಮೊದಲು ಮೇಡಂ "ಇನ್ನೇನಾದ್ರೂ ಇದ್ಯಾ, ಯೋಚನೆ ಮಾತ್ರ ಇದ್ರೂ ಹೇಳಿ" ಅಂತ ಮೂರು ಸಲ ಕೇಳಿದ್ದರು. ಆಗ ಕಚ್ಚಿನ ಯೋಚನೆ ನನ್ನ ತಲೆಯಲ್ಲಿ ಅರ್ಧ ಇತ್ತು. ಮಾಡಿ ನೋಡದೆ ಹೇಳುವುದು ಹೇಗೆ ಅಂತ ಹೇಳಲಿಲ್ಲ. ಈಗಲೂ ನೆನೆದರೆ ಸಂಕಟವಾಗುತ್ತದೆ.

2023ರ ಮಾರ್ಚ್‌ನಲ್ಲಿ ಉತ್ತರ ಕಳಿಸಿದೆವು. ಜುಲೈನಲ್ಲಿ ಹಿಯರಿಂಗ್, ಅಂದರೆ ವಿಚಾರಣೆಯ, ನೋಟಿಸ್ ಬಂತು. ಹೊಸತನದ ಆಕ್ಷೇಪ ಹೋಗಿತ್ತು! ಉಳಿದದ್ದು ಡಿ1 ಮತ್ತು ಡಿ3 ಜೋಡಿಸುವ ಮಾತು, ಮತ್ತೆ 3(ಎಫ್).

ಹಿಯರಿಂಗ್ ವಿಡಿಯೋದಲ್ಲಿ. ಚೆನ್ನೈಗೆ ಹೋಗಬೇಕಿರಲಿಲ್ಲ. ಮೇಡಂ ಆಫೀಸಿನಲ್ಲಿ ನಾನು, ಡೈ ಅಣ್ಣ, ಮೇಡಂ ಮೂರು ಜನ ಕೂತೆವು. ಡೈ ಅಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದರು. ಕೈಯಲ್ಲಿ ಒಂದು ಪೊಟ್ಟಣ. ಬಿಚ್ಚಿದರೆ ನಮ್ಮ ಮುಚ್ಚಳವನ್ನು ಸರಿಯಾಗಿ ನಡುವಿಗೆ ಕೊಯ್ದು ತಂದಿದ್ದರು, ಅಂಚೆಲ್ಲ ನಯ ಮಾಡಿ. ಯಾರೂ ಹೇಳಿರಲಿಲ್ಲ.

ತೀರ್ಮಾನ ಮಾಡುವ ಅಧಿಕಾರಿ, ಅಂದರೆ ಕಂಟ್ರೋಲರ್, ಸೌಮ್ಯವಾಗಿ, ಆದರೆ ನೇರವಾಗಿ ಕೇಳಿದರು. ಡಿ3ರಲ್ಲೂ ಓರೆ ತಡೆ ಇದೆ, ಒಂದೇ ಕಡೆಗೆ ಇಳಿಸುವುದರಲ್ಲಿ ಏನು ದೊಡ್ಡದು? ಮೇಡಂ ಸ್ಪೆಸಿಫಿಕೇಶನ್‌ನ ಪುಟ ಹೇಳಿ ನಮ್ಮ ಪರೀಕ್ಷೆಯ ಪಟ್ಟಿ ತೋರಿಸಿದರು, ಮಟ್ಟಸ ತಟ್ಟೆಯಲ್ಲಿ ಸೋತದ್ದು, 10 ಡಿಗ್ರಿಯಲ್ಲಿ ಅರ್ಧ ಸೋತದ್ದು, 25ರಲ್ಲಿ ನಿಂತದ್ದು. ಸೋತ ಡಬ್ಬಿಗಳ ಲೆಕ್ಕ ಯಾಕೆ ಬೇಕಿತ್ತು ಅಂತ ನನಗೆ ಅವತ್ತು ಅರ್ಥವಾಯಿತು. ಆಮೇಲೆ ಕಂಟ್ರೋಲರ್ ಕಂಡುಹಿಡಿದವರು ಇದ್ದಾರಾ, ಅವರೇ ಹೇಳಬಹುದಾ ಅಂತ ಕೇಳಿದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಕೊಯ್ದ ಮುಚ್ಚಳವನ್ನು ಕ್ಯಾಮೆರಾ ಹತ್ತಿರ ಹಿಡಿದೆ. ಮಡಚಿ ತೋರಿಸಿದೆ. ಕ್ಲಿಕ್ ಅಂತ ಲಾಕ್ ಆಯಿತು. ಕಿಮ್ಚಿಯಲ್ಲಿ ಉಪ್ಪು ನೀರು, ಕಾಫಿ ಒಣಗಿದ್ದು, ಆವಿ ನೀರಾಗುತ್ತದೆ, ನಮ್ಮದು ಅಂಟು ನೊರೆ, ಅದು ಒಣಗಿದರೆ ಗೋಂದಿನ ಹಾಗೆ, ಅದಕ್ಕೇ ದಿನಾ ಬಿಚ್ಚಿ ತೊಳೆಯಬೇಕು, ಬಿಚ್ಚಿ ಹಾಕಿದ ಮೇಲೆ ಅದೇ ಓರೆಗೆ ಬರಬೇಕು, ಇಷ್ಟು ಹೇಳಿದೆ. ಅವರು ಇನ್ನೊಮ್ಮೆ ಮಡಚಿ ಅಂದರು. ಮಡಚಿದೆ. ಏನನ್ನೋ ಬರೆದುಕೊಂಡರು. ಒಟ್ಟು ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

ಹಿಯರಿಂಗ್ ಆದ 15 ದಿನದೊಳಗೆ ಹೇಳಿದ್ದೆಲ್ಲ ಬರಹದಲ್ಲಿ ಕೊಡಬೇಕು. ಕೊಟ್ಟೆವು. ಒಂದು ಸಣ್ಣ ತಿದ್ದುಪಡಿ ಕೇಳಿದ್ದರು, "ಮುಚ್ಚಳದೊಂದಿಗೆ ಒಂದೇ ತುಂಡಾಗಿ" ಅನ್ನುವ ಮಾತು ಕ್ಲೇಮಿನಲ್ಲೇ ಬರಲಿ ಅಂತ, ಅದನ್ನೂ ಸೇರಿಸಿದೆವು.

ಅಕ್ಟೋಬರ್‌ನಲ್ಲಿ ಸರ್ಟಿಫಿಕೇಟ್ ಮೇಲ್‌ಗೆ ಬಂತು. ಈ ಸಲವೂ ನಾನು ಗ್ರೈಂಡರ್ ಮುಂದೆಯೇ ಇದ್ದೆ. ಅವಧಿ 20 ವರ್ಷ, ಆದರೆ ಲೆಕ್ಕ 2021ರ ಜೂನ್‌ನಿಂದ, ಸಿಕ್ಕ ದಿನದಿಂದ ಅಲ್ಲ. ಮೂರನೇ ವರ್ಷದಿಂದ ನವೀಕರಣ ಶುಲ್ಕ ಕಟ್ಟಬೇಕು, ನಮ್ಮಂಥವರಿಗೆ ಸದ್ಯ ವರ್ಷಕ್ಕೆ 800 ರೂಪಾಯಿ, ಮುಂದೆ ಜಾಸ್ತಿಯಾಗುತ್ತಾ ಹೋಗುತ್ತದೆ. ಪೇಟೆಂಟ್ ಬರುವಷ್ಟರಲ್ಲಿ ನಮ್ಮ ಎರಡು ವರ್ಷ ಮುಗಿದಿದ್ದರಿಂದ ಬಾಕಿಯನ್ನು ಮೂರು ತಿಂಗಳೊಳಗೆ ಕಟ್ಟಬೇಕಿತ್ತು. ಇದನ್ನು ಮರೆತು ಪೇಟೆಂಟ್ ಕಳೆದುಕೊಂಡವರು ಇದ್ದಾರೆ ಅಂತ ಮೇಡಂ ಅವತ್ತೇ ಎಚ್ಚರಿಸಿದರು. ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.

ಸರ್ಟಿಫಿಕೇಟಿನ ಎರಡು ಕಲರ್ ಪ್ರಿಂಟ್ ತೆಗೆಸಿ, ಒಂದಕ್ಕೆ ಕಟ್ಟು ಹಾಕಿಸಿ ಪೀಣ್ಯಕ್ಕೆ ಒಯ್ದೆ. ಡೈ ಅಣ್ಣ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಒಂದು ಸಲ ಓದಿದರು. ಆಮೇಲೆ, ಚಿತ್ರದ ಹಾಳೆ ಇದ್ಯಾ ಅಂತ ಕೇಳಿದರು. ಮೂರನೇ ಚಿತ್ರ, ಮಡಿಕೆ ಬಿಡಿಸಿ ತೋರಿಸಿರುವುದು. ಅದರ ಪ್ರಿಂಟನ್ನೂ ತೆಗೆದುಕೊಂಡು ಮೆಷಿನ್ ಪಕ್ಕದ ಗೋಡೆಗೆ ಅಂಟಿಸಿದರು.

ಕಚ್ಚಿಗೆ ಬೇರೆ ದಾರಿ ಇದೆ. ಇರುವ ಪೇಟೆಂಟಿನ ಮೇಲೆ ಸುಧಾರಣೆ ಮಾಡಿದರೆ ಪೇಟೆಂಟ್ ಆಫ್ ಅಡಿಷನ್ ಅಂತ ಹಾಕಬಹುದು, ಸೆಕ್ಷನ್ 54, ಅದಕ್ಕೆ ಬೇರೆ ನವೀಕರಣ ಶುಲ್ಕವೂ ಇಲ್ಲ. ಆದರೆ ಹೊಸತನ ಉಳಿದಿರಬೇಕು, ಅಂದರೆ ಕಚ್ಚು ಇರುವ ಡಬ್ಬಿ ಇನ್ನೂ ಶೆಡ್ ದಾಟಿ ಹೊರಗೆ ಹೋಗಬಾರದು. ಹೋಗಿಲ್ಲ. ಈ ಸಲ ಎರಡು, ನಾಲ್ಕು, ಆರು ಮಿಲಿಮೀಟರ್, ಹೀಗೆ ಒಟ್ಟು ಮೂರು ಅಳತೆಯಲ್ಲಿ ಕಚ್ಚು ಮಾಡಿದ್ದೇವೆ. ಕಚ್ಚಿಲ್ಲದ ಡಬ್ಬಿಯನ್ನೂ ಪಕ್ಕದಲ್ಲಿ ಇಟ್ಟಿದ್ದೇನೆ. ನಿನ್ನೆ ರಾತ್ರಿ ಹತ್ತು ಗಂಟೆಗೆ ಹಿಟ್ಟು ತುಂಬಿಸಿದೆ, ಶೆಡ್ 31 ಡಿಗ್ರಿ ಇತ್ತು, ಪುಸ್ತಕದಲ್ಲಿ ಬರೆದಿದ್ದೇನೆ. ಈಗ ಹೋಗಿ ನೋಡಬೇಕು.